ಉಂಗುರದ ಹರಳೂ ಏಕದೇವ ವಿಶ್ವಾಸವೂ

ಅಲ್ಲಾಹನು ಮನುಷ್ಯನನ್ನು ಸೌಂದರ್ಯಪ್ರಿಯನನ್ನಾಗಿ ಸೃಷ್ಟಿಸಿದ್ದಾನೆ. ಒಳ್ಳೆಯ ಉಡುಪು, ಸುಗಂಧ, ಬೆರಳಿಗೊಂದು ಉಂಗುರ ಇವೆಲ್ಲ ಅವನಿಗೆ ಇಷ್ಟವಾಗುತ್ತವೆ. ಇಸ್ಲಾಮ್ ಈ ಇಷ್ಟವನ್ನು ಹತ್ತಿಕ್ಕುವುದಿಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಅಲಂಕಾರವನ್ನು ನಿಷಿದ್ಧಗೊಳಿಸಿದವರು ಯಾರೆಂದು ಪವಿತ್ರ ಕುರ್‌ಆನ್ ಪ್ರಶ್ನಿಸಿದೆ (7:32). ಆದರೆ ಅಲಂಕಾರವು ಎಲ್ಲಿ ಮುಗಿಯುತ್ತದೆ, ಅಂಧವಿಶ್ವಾಸವು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತಿಳಿಯದಿದ್ದರೆ ಒಂದು ಚಿಕ್ಕ ಉಂಗುರವೇ ಮನುಷ್ಯನ ದೀನನ್ನೂ ದುನಿಯಾವನ್ನೂ ಕೆಡಿಸಬಲ್ಲುದು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಹೊರನಾಡಿನ ಕಡೆಯ ಒಬ್ಬ ಯುವಕ ನನ್ನ ಬಳಿಗೆ ಬಂದ. ಕಳಸದಿಂದ ಆಚೆ, ಭದ್ರಾ ನದಿಯ ಮಗ್ಗುಲಲ್ಲಿ ಅವನ ಮನೆಯವರಿಗೆ ತುಸು ಕಾಫಿ ತೋಟವಿದೆ. ಎರಡು ವರ್ಷಗಳಿಂದ ಫಸಲು ಕೈಗೆ ಹತ್ತಿರಲಿಲ್ಲ. ಒಮ್ಮೆ ಆಗಸ್ಟ್ ಮಳೆಗೆ ಕಾಯಿ ಉದುರಿತು, ಇನ್ನೊಮ್ಮೆ ಕೊಯ್ಲಿನ ಹೊತ್ತಿಗೆ ಮಳೆ ಸುರಿದು ಕಣದಲ್ಲಿ ಹರಡಿದ್ದ ಕಾಫಿ ಹಾಳಾಯಿತು. ಅವನ ಮದುವೆಯೂ ಗೊತ್ತಾಗಿತ್ತು. ಅಜ್ಜ ಬಿಟ್ಟುಹೋದ ಹಳೆಯ ಬೆಳ್ಳಿಯ ಉಂಗುರವೊಂದು ಮನೆಯಲ್ಲಿತ್ತು. ಅದರ ಕಲ್ಲು ಎಂದೋ ಬಿದ್ದು ಹೋಗಿತ್ತು. ಅದನ್ನು ಹೊಸದಾಗಿ ಮಾಡಿಸಿ ನಿಕಾಹ್‌ನ ದಿನ ತೊಡಬೇಕೆಂಬುದು ಅವನ ಆಸೆ.

ಇಷ್ಟರಲ್ಲಿ ಹರಳು ಮಾರುವವನೊಬ್ಬ ಅವನಿಗೆ ಗಂಟುಬಿದ್ದ. ಕಡುಗೆಂಪು ಬಣ್ಣದ, ದೀಪದ ಬೆಳಕಿಗೆ ಹಿಡಿದರೆ ಆರು ಕಾಲಿನ ನಕ್ಷತ್ರ ಮೂಡುವ ಕಲ್ಲೊಂದನ್ನು ತೋರಿಸಿದ. ಇದು ಸ್ಟಾರ್ ರೂಬಿ, ಇದನ್ನು ತೊಟ್ಟವನ ತೋಟಕ್ಕೆ ಕಣ್ಣು ತಾಗದು, ಸಾಲ ತೀರುತ್ತದೆ ಎಂದ. ಬೆಲೆ ಅರುವತ್ತು ಸಾವಿರ. ಯುವಕ ತಾಯಿಯ ಬಳೆಗಳನ್ನು ಬಡ್ಡಿಗೆ ಒತ್ತೆಯಿಟ್ಟು ಹಣ ತರಲು ಹೊರಟಿದ್ದ. ಹೊರಡುವ ಮುನ್ನ ಮನಸ್ಸು ತಡೆಯದೆ, “ಉಸ್ತಾದರೇ, ನಮ್ಮ ಪ್ರವಾದಿಯವರೂ ಕಲ್ಲಿನ ಉಂಗುರ ತೊಟ್ಟಿದ್ದರಲ್ಲವೇ? ಹಾಗಾದರೆ ಇದರಲ್ಲಿ ತಪ್ಪೇನು?” ಎಂದು ಕೇಳಿದ.

ಅವನ ಪ್ರಶ್ನೆ ಅವನೊಬ್ಬನದಲ್ಲ. ಆದುದರಿಂದ ಅದಕ್ಕೆ ಉತ್ತರವನ್ನು ಇಲ್ಲಿ ಕ್ರಮವಾಗಿ ನೋಡೋಣ.

ಪ್ರವಾದಿವರ್ಯರ ಉಂಗುರ

ಪ್ರವಾದಿವರ್ಯರು(ಸ) ಉಂಗುರ ತೊಟ್ಟದ್ದು ನಿಜ. ಆದರೆ ಏಕೆ ತೊಟ್ಟರೆಂಬುದನ್ನು ಗಮನಿಸಬೇಕು. ಹುದೈಬಿಯಾ ಸಂಧಿಯ ಬಳಿಕ ಅವರು ಸುತ್ತಲಿನ ಅರಸರಿಗೆ ಇಸ್ಲಾಮಿನ ಆಹ್ವಾನ ಪತ್ರಗಳನ್ನು ಕಳುಹಿಸಲು ಉದ್ದೇಶಿಸಿದರು. ಮುದ್ರೆಯಿಲ್ಲದ ಪತ್ರವನ್ನು ಆ ಅರಸರು ಓದುವುದಿಲ್ಲವೆಂದು ಸಂಗಾತಿಗಳು ತಿಳಿಸಿದಾಗ ಬೆಳ್ಳಿಯ ಉಂಗುರವನ್ನು ಮಾಡಿಸಿದರು. ಅದರಲ್ಲಿ ‘ಮುಹಮ್ಮದ್’, ‘ರಸೂಲ್’, ‘ಅಲ್ಲಾಹ್’ ಎಂಬ ಮೂರು ಪದಗಳು ಮೂರು ಸಾಲುಗಳಲ್ಲಿ ಕೊರೆಯಲ್ಪಟ್ಟಿದ್ದವೆಂದು ಹ. ಅನಸ್(ರ) ವರದಿ ಮಾಡಿದ್ದಾರೆ (ಬುಖಾರಿ). ಅಂದರೆ ಆ ಉಂಗುರ ಒಂದು ಮೊಹರು. ಇಂದಿನ ಕಚೇರಿಯ ರಬ್ಬರ್ ಸ್ಟಾಂಪ್ ಮಾಡುವ ಕೆಲಸವನ್ನು ಅಂದು ಅದು ಮಾಡುತ್ತಿತ್ತು. ಆದುದರಿಂದಲೇ ಆ ಬರಹವನ್ನು ಬೇರೆ ಯಾರೂ ತಮ್ಮ ಉಂಗುರದಲ್ಲಿ ಕೊರೆಯಿಸಕೂಡದೆಂದು ಅವರು ತಡೆದರು.

ಕಲ್ಲಿನ ವಿಷಯದಲ್ಲಿ ಎರಡು ವರದಿಗಳಿವೆ. ಉಂಗುರವೂ ಅದರ ಮುಖವೂ ಬೆಳ್ಳಿಯದೇ ಆಗಿತ್ತೆಂದು ಬುಖಾರಿಯಲ್ಲಿದೆ. ಕಲ್ಲು ಅಬಿಸೀನಿಯಾದ್ದಾಗಿತ್ತೆಂದು ಮುಸ್ಲಿಮ್‌ನಲ್ಲಿದೆ. ಬಹುಶಃ ಎರಡು ಉಂಗುರಗಳಿದ್ದಿರಬೇಕೆಂದು ವಿದ್ವಾಂಸರು ಇವುಗಳನ್ನು ಹೊಂದಿಸಿದ್ದಾರೆ. ಕಲ್ಲಿನ ಭಾಗವನ್ನು ಅವರು ಅಂಗೈಯ ಕಡೆಗೆ ತಿರುಗಿಸಿ ತೊಡುತ್ತಿದ್ದರೆಂಬುದೂ ಅದೇ ಗ್ರಂಥದಲ್ಲಿದೆ. ತೋರಿಕೆಗಾಗಿ ತೊಡುವವನು ಕಲ್ಲನ್ನು ಒಳಗೆ ತಿರುಗಿಸುವನೇ?

ಆ ಉಂಗುರವು ಪ್ರವಾದಿವರ್ಯರ(ಸ) ನಂತರ ಹ. ಅಬೂಬಕರ್(ರ), ಹ. ಉಮರ್(ರ) ಮತ್ತು ಹ. ಉಸ್ಮಾನ್(ರ) ಅವರ ಕೈಗೆ ಬಂತು. ಹ. ಉಸ್ಮಾನರು(ರ) ಮದೀನಾದ ಅರೀಸ್ ಬಾವಿಯ ಬಳಿ ಕುಳಿತಿದ್ದಾಗ ಅದು ಬಾವಿಗೆ ಬಿತ್ತು. ಮೂರು ದಿನ ಹುಡುಕಿದರು, ನೀರನ್ನೆಲ್ಲ ಎತ್ತಿಸಿದರು, ಸಿಗಲಿಲ್ಲ (ಬುಖಾರಿ). ಸ್ವತಃ ಪ್ರವಾದಿಯವರ(ಸ) ಬೆರಳಲ್ಲಿದ್ದ ಉಂಗುರವೇ ತನ್ನನ್ನು ತಾನು ಬಾವಿಯಿಂದ ಮೇಲೆತ್ತಿಕೊಳ್ಳಲಿಲ್ಲ. ಹಾಗಿರುವಾಗ ಸಂತೆಯಲ್ಲಿ ಕೊಂಡ ಕಲ್ಲು ನಮ್ಮ ತೋಟವನ್ನು ಕಾಯುವುದೆಂದು ನಂಬುವುದು ಎಂಥ ಮಾತು?

ಕಲ್ಲು ಎಂದರೇನು?

ಕುರ್‌ಆನ್ ಕಲ್ಲುಗಳನ್ನು ನೋಡಲು ನಮಗೆ ಒಂದು ದೃಷ್ಟಿಯನ್ನು ಕೊಟ್ಟಿದೆ. ಪರ್ವತಗಳಲ್ಲಿ ಬಿಳಿ, ಕೆಂಪು, ಕಡುಗಪ್ಪು ಹೀಗೆ ನಾನಾ ವರ್ಣಗಳ ಪಟ್ಟೆಗಳಿವೆಯೆಂದು ಹೇಳಿ, ಅದರ ಬೆನ್ನಿಗೇ, ಅಲ್ಲಾಹನ ದಾಸರ ಪೈಕಿ ಜ್ಞಾನವುಳ್ಳವರೇ ಅವನನ್ನು ಭಯಪಡುವರೆಂದು ತಿಳಿಸುತ್ತದೆ (35:27-28). ಕಲ್ಲಿನ ಬಣ್ಣ ನಮ್ಮನ್ನು ಅದರ ಸೃಷ್ಟಿಕರ್ತನೆಡೆಗೆ ಒಯ್ಯಬೇಕು. ಕಲ್ಲಿನಲ್ಲೇ ನಿಂತುಬಿಟ್ಟರೆ ದಾರಿ ತಪ್ಪಿತು.

ಆ ಯುವಕನಿಗೆ ತೋರಿಸಿದ ಕಲ್ಲಿನ ಜಾತಿ ನಮ್ಮ ನಾಡಿಗೆ ಹೊಸದಲ್ಲ. ಹಳೆ ಮೈಸೂರು ಭಾಗದ ನೆಲದಲ್ಲಿ ಕುರುವಿಂದದ ಕಲ್ಲು ಸಿಗುತ್ತದೆ. ಇದು ಅಲ್ಯೂಮಿನಿಯಮ್ ಮತ್ತು ಆಮ್ಲಜನಕ ಸೇರಿ ಆದ ಖನಿಜ. ಅದರಲ್ಲಿ ಕ್ರೋಮಿಯಮ್ ಎಂಬ ಲೋಹದ ಸ್ವಲ್ಪ ಅಂಶ ಬೆರೆತರೆ ಕೆಂಪಾಗಿ ಮಾಣಿಕ್ಯವೆನಿಸಿಕೊಳ್ಳುತ್ತದೆ. ಕಲ್ಲಿನೊಳಗೆ ಕೂದಲಿಗಿಂತ ಸೂಕ್ಷ್ಮವಾದ ಖನಿಜದ ಸೂಜಿಗಳು ಮೂರು ದಿಕ್ಕುಗಳಲ್ಲಿ ಸಾಲಾಗಿ ಹುದುಗಿದ್ದರೆ, ಅದನ್ನು ಗುಮ್ಮಟದಂತೆ ಉರುಟಾಗಿ ಉಜ್ಜಿದಾಗ ಬೆಳಕು ಆ ಸೂಜಿಗಳಿಗೆ ತಾಗಿ ಆರು ಕಾಲಿನ ನಕ್ಷತ್ರ ಕಾಣುತ್ತದೆ. ಮೈಸೂರು ಸೀಮೆಯ ಕಲ್ಲುಗಳು ಸಾಮಾನ್ಯವಾಗಿ ಬೆಳಕು ಹಾಯದ, ನೇರಳೆ ಛಾಯೆಯ ಕಡುಗೆಂಪಿನವು. ಬರ್ಮಾದ ಪಾರದರ್ಶಕ ಮಾಣಿಕ್ಯದ ಬೆಲೆ ಇವುಗಳಿಗಿಲ್ಲ.

ಇನ್ನೊಂದು ಮಾತು. ಬಣ್ಣ ಬಾರದ ಅದೇ ಕುರುವಿಂದವನ್ನು ಪುಡಿಮಾಡಿ ಸಾಣೆಕಲ್ಲಿಗೆ ಬಳಸುತ್ತಾರೆ. ವಜ್ರವನ್ನು ಬಿಟ್ಟರೆ ಒಡವೆಯ ನೈಸರ್ಗಿಕ ಕಲ್ಲುಗಳಲ್ಲಿ ಅಷ್ಟು ಗಟ್ಟಿಯಾದುದು ಬೇರಿಲ್ಲ. ಗಡಸುತನದ ಹತ್ತರ ಅಳತೆಯಲ್ಲಿ ಅದಕ್ಕೆ 9. ಕಲ್ಲಿಗೆ ಸಾಲ ತೀರಿಸುವ ಶಕ್ತಿಯಿದ್ದರೆ ಕತ್ತಿ ಸಾಣೆ ಹಿಡಿಯುವ ಬಡವನು ಎಂದೋ ಶ್ರೀಮಂತನಾಗಬೇಕಿತ್ತು! ಅವನು ದಿನವಿಡೀ ಮಾಣಿಕ್ಯದ ಸೋದರನನ್ನೇ ತಿರುಗಿಸುತ್ತಿರುತ್ತಾನೆ.

ಅಕೀಕ್‌ನ ಬಗ್ಗೆ

ನಮ್ಮಲ್ಲಿ ಕೆಲವರು, ‘ಮಾಣಿಕ್ಯ ಬೇಡ, ಅಕೀಕ್ ತೊಟ್ಟರೆ ಪುಣ್ಯವಿದೆ, ಬಡತನ ಬಾರದು’ ಎನ್ನುತ್ತಾರೆ. ಯಮನ್ ದೇಶದ ಕೆಂಪು ಅಕೀಕ್ ಬಹಳ ಹೆಸರುವಾಸಿ. ನಮ್ಮ ಈ ಬೆಟ್ಟಗಳಿಗೂ ಯಮನ್‌ಗೂ ಹಳೆಯ ನಂಟಿದೆ. 17ನೇ ಶತಮಾನದಲ್ಲಿ ಬಾಬಾ ಬುಡನ್‌ರವರು ಹಜ್ಜ್‌ನಿಂದ ಮರಳುವಾಗ ಯಮನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ನಾಡಿನ ಐತಿಹ್ಯ. ಯಮನ್‌ನ ಬೀಜ ಬಿತ್ತಿ, ಗೊಬ್ಬರ ಹಾಕಿ, ಬೆವರು ಸುರಿಸಿದವರಿಗೆ ಅಲ್ಲಾಹನು ಅನ್ನ ಕೊಟ್ಟನು. ಯಮನ್‌ನ ಕಲ್ಲು ತೊಟ್ಟು ಸುಮ್ಮನೆ ಕುಳಿತವನಿಗೆ ಅದು ಏನನ್ನೂ ಬೆಳೆದು ಕೊಡಲಿಲ್ಲ.

ಅಕೀಕ್ ಶುಭಕರ, ಅದನ್ನು ತೊಡಿರಿ ಎಂಬಂಥ ವರದಿಗಳು ಪ್ರಚಾರದಲ್ಲಿರುವುದು ನಿಜ. ಆದರೆ ಇಬ್ನುಲ್ ಜೌಝಿಯಂಥ ಹದೀಸ್ ಪಂಡಿತರು ಅವುಗಳನ್ನು ಕಲ್ಪಿತ ವರದಿಗಳ ಸಾಲಿಗೆ ಸೇರಿಸಿದ್ದಾರೆ. ಆದುದರಿಂದ ಅಕೀಕ್ ತೊಡುವುದು ಅನುವದನೀಯ, ಆದರೆ ಅದರಿಂದ ಐಶ್ವರ್ಯ ಬರುತ್ತದೆಂದು ನಂಬುವುದಕ್ಕೆ ಆಧಾರವಿಲ್ಲ.

ಅಪಾಯ ಎಲ್ಲಿದೆ?

ಹ. ಉಮರ್(ರ) ಕಅಬಾದ ಕಪ್ಪುಶಿಲೆಯನ್ನು ಚುಂಬಿಸುವಾಗ, ನೀನೊಂದು ಕಲ್ಲು, ಹಾನಿ ಮಾಡಲಾರೆ, ಲಾಭವನ್ನೂ ನೀಡಲಾರೆ ಎಂಬುದನ್ನು ಬಲ್ಲೆ, ಪ್ರವಾದಿಯವರು(ಸ) ಚುಂಬಿಸಿದ್ದನ್ನು ಕಂಡಿರದಿದ್ದರೆ ನಾನು ಚುಂಬಿಸುತ್ತಿರಲಿಲ್ಲ ಎಂಬರ್ಥದಲ್ಲಿ ಹೇಳಿದರು (ಬುಖಾರಿ). ಭೂಮಿಯ ಮೇಲಿನ ಅತ್ಯಂತ ಗೌರವಾನ್ವಿತ ಕಲ್ಲಿನ ಬಗ್ಗೆ ಹೇಳಿದ ಮಾತಿದು! ಅಲ್ಲಾಹನು ನಿಮಗೆ ಸಂಕಷ್ಟವೊಡ್ಡಿದರೆ ಅವನ ಹೊರತು ಅದನ್ನು ನೀಗಿಸುವವರು ಯಾರೂ ಇಲ್ಲವೆಂದು ಕುರ್‌ಆನ್ ಸ್ಪಷ್ಟಪಡಿಸಿದೆ (10:107). ರಕ್ಷಣೆಗಾಗಿ ತಾಯಿತ ಕಟ್ಟಿಕೊಂಡವನು ಶಿರ್ಕ್ ಎಸಗಿದನೆಂಬ ಎಚ್ಚರಿಕೆ ಹದೀಸ್‌ನಲ್ಲಿದೆ (ಅಹ್ಮದ್). ಬೆರಳಿಗೆ ತೊಟ್ಟ ಕಲ್ಲು ಕೇಡನ್ನು ತಡೆಯುವುದೆಂದು ನಂಬಿದರೆ ಅದಕ್ಕೂ ಆ ತಾಯಿತಕ್ಕೂ ಏನು ವ್ಯತ್ಯಾಸ?

ಸಹೋದರರೇ, ಇಲ್ಲಿ ಕಳೆದುಹೋಗುವುದು ಅರುವತ್ತು ಸಾವಿರ ಮಾತ್ರವಲ್ಲ. ಕಲ್ಲು ತೊಟ್ಟ ವರ್ಷ ಫಸಲು ಬಂದರೆ ಮನುಷ್ಯ ಕಲ್ಲಿಗೆ ಕೃತಜ್ಞನಾಗುತ್ತಾನೆ. ಬಾರದಿದ್ದರೆ ಇನ್ನೂ ದೊಡ್ಡ ಕಲ್ಲನ್ನು ಹುಡುಕುತ್ತಾನೆ. ಎರಡೂ ಸಂದರ್ಭಗಳಲ್ಲಿ ಅವನ ಹೃದಯ ಅಲ್ಲಾಹನಿಂದ ದೂರವಾಯಿತು. ಜೊತೆಗೆ ಬಡ್ಡಿಯ ಪಾಪವೂ ತಾಯಿಯ ಕಣ್ಣೀರೂ ಸೇರಿದವು.

ಹಾಗಾದರೆ ಉಂಗುರ ಮಾಡಿಸುವುದು ಹೇಗೆ?

ಇಷ್ಟು ಕೇಳಿದ ಯುವಕ, “ಹಾಗಾದರೆ ಕಲ್ಲಿನ ಉಂಗುರವೇ ಬೇಡವೇ?” ಎಂದ. ಹಾಗಲ್ಲ. ಚೆಲುವಿಗಾಗಿ ತೊಡುವುದಾದರೆ ಬೆಳ್ಳಿಯಲ್ಲಿ ಯಾವ ಹರಳನ್ನೂ ಇಡಿಸಬಹುದು. ಆದರೆ ಕೆಲವು ವಿಷಯಗಳನ್ನು ಪಾಲಿಸಬೇಕು.

ಮೊದಲನೆಯದು ಲೋಹ. ಪುರುಷರಿಗೆ ಚಿನ್ನ ಹರಾಮ್. ಒಬ್ಬನ ಕೈಯಲ್ಲಿ ಚಿನ್ನದ ಉಂಗುರ ಕಂಡಾಗ ಪ್ರವಾದಿವರ್ಯರು(ಸ) ಅದನ್ನು ಕಳಚಿ ಎಸೆದರು. ಬೆಂಕಿಯ ಕೆಂಡವನ್ನು ಕೈಗೆ ತೊಟ್ಟುಕೊಂಡಂತೆ ಎಂದರು. ಅವರು ಹೋದ ಬಳಿಕ ಜನರು ಅದನ್ನೆತ್ತಿಕೊಂಡು ಬೇರೆ ಉಪಯೋಗಕ್ಕೆ ಬಳಸೆಂದಾಗ, ಪ್ರವಾದಿಯವರು(ಸ) ಎಸೆದುದನ್ನು ನಾನು ಎತ್ತಿಕೊಳ್ಳಲಾರೆನೆಂದು ಆತ ಹೇಳಿದನು (ಮುಸ್ಲಿಮ್). ಇಂದು ಮದುವೆಯ ದಿನ ವರನ ಬೆರಳಿಗೆ ಚಿನ್ನ ತೊಡಿಸುವ ನಮ್ಮ ಮನೆಗಳು ಆ ಮನುಷ್ಯನ ಈಮಾನನ್ನು ನೆನಪಿಸಿಕೊಳ್ಳಲಿ.

ಎರಡನೆಯದು ತೂಕ. ಹನಫಿ ವಿದ್ವಾಂಸರು ಪುರುಷನ ಬೆಳ್ಳಿ ಉಂಗುರಕ್ಕೆ ಒಂದು ಮಿಸ್ಕಾಲ್, ಅಂದರೆ ಸುಮಾರು ನಾಲ್ಕೂಕಾಲು ಗ್ರಾಂ ಮಿತಿಯನ್ನು ಹೇಳಿದ್ದಾರೆ. ಹರಳಿನ ತೂಕ ಇದರಲ್ಲಿ ಸೇರುವುದಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಊರ ರೂಢಿಗೆ ಮೀರಿ ದುಂದಾಗಬಾರದೆಂಬುದೇ ಪ್ರಧಾನ. ಎರಡೂ ಮದ್‌ಹಬ್‌ನವರಿರುವ ನಮ್ಮ ಮಲೆನಾಡಿನಲ್ಲಿ ಹಗುರವಾದುದನ್ನು ಮಾಡಿಸಿದರೆ ಯಾರ ಆಕ್ಷೇಪವೂ ಇರದು.

ಮೂರನೆಯದು ಬೆರಳು. ಕಿರುಬೆರಳಿಗೆ ತೊಡುವುದು ಸುನ್ನತ್. ನಡುಬೆರಳು ಮತ್ತು ತೋರುಬೆರಳಿಗೆ ತೊಡುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದರೆಂದು ಹ. ಅಲಿ(ರ) ವರದಿ ಮಾಡಿದ್ದಾರೆ (ಮುಸ್ಲಿಮ್). ಬಲಗೈ, ಎಡಗೈ ಎರಡಕ್ಕೂ ಆಧಾರವಿದೆ. ಉಂಗುರ ಬಿಗಿಯಾಗಿದ್ದರೆ ವುಝೂ ಮಾಡುವಾಗ ಅಲುಗಾಡಿಸಿ ಚರ್ಮಕ್ಕೆ ನೀರು ತಲಪಿಸಬೇಕು. ಅಲ್ಲಾಹನ ಹೆಸರು ಕೊರೆಯಿಸಿದ್ದರೆ ಶೌಚಾಲಯಕ್ಕೆ ಹೋಗುವಾಗ ಕಳಚಿಡಬೇಕು. ಪ್ರತಿದಿನ ತೋಟದಲ್ಲಿ ದುಡಿಯುವವನು ಏನನ್ನೂ ಕೊರೆಯಿಸದಿರುವುದೇ ಲೇಸು.

ಆಚಾರಿಯೊಡನೆ ವ್ಯವಹಾರ

ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿ. ಬೆಳ್ಳಿ ಬಂಗಾರಗಳ ವ್ಯವಹಾರದಲ್ಲಿ ಬಡ್ಡಿಯು ನಮಗೆ ತಿಳಿಯದಂತೆ ನುಸುಳುತ್ತದೆ.

ಹಳೆಯ ಒಂಬತ್ತು ಗ್ರಾಂ ಬೆಳ್ಳಿ ಕೊಟ್ಟು ಐದು ಗ್ರಾಂನ ಹೊಸ ಉಂಗುರವನ್ನು ನೇರವಾಗಿ ಬದಲಾಯಿಸಿಕೊಳ್ಳುವುದು ಧರ್ಮಸಮ್ಮತವಲ್ಲ. ಬೆಳ್ಳಿಗೆ ಬೆಳ್ಳಿಯನ್ನು ಸಮತೂಕದಲ್ಲಿ, ಕೈಯಿಂದ ಕೈಗೆ ಕೊಡಬೇಕು. ಹ. ಬಿಲಾಲ್(ರ) ಎರಡು ಅಳತೆ ಸಾಧಾರಣ ಖರ್ಜೂರ ಕೊಟ್ಟು ಒಂದು ಅಳತೆ ಉತ್ತಮ ಖರ್ಜೂರ ತಂದಾಗ, ಇದು ಸಾಕ್ಷಾತ್ ಬಡ್ಡಿಯೆಂದು ಹೇಳಿ, ಮೊದಲು ನಿಮ್ಮದನ್ನು ಮಾರಿ, ಆ ಹಣದಿಂದ ಬೇರೆಯದನ್ನು ಕೊಳ್ಳಿರೆಂದು ಪ್ರವಾದಿವರ್ಯರು(ಸ) ದಾರಿ ತೋರಿಸಿದರು (ಬುಖಾರಿ, ಮುಸ್ಲಿಮ್). ಆದುದರಿಂದ ಹಳೆಯದನ್ನು ಮಾರಿ ಹಣವನ್ನು ಕೈಗೆ ಪಡೆದು, ಆಮೇಲೆ ಹೊಸದನ್ನು ನಗದು ಕೊಟ್ಟು ಕೊಳ್ಳಬೇಕು. ಬೆಳ್ಳಿ ಒಡವೆಯನ್ನು ಸಾಲಕ್ಕೆ ಕೊಳ್ಳುವುದನ್ನೂ ಬಹುತೇಕ ವಿದ್ವಾಂಸರು ಒಪ್ಪುವುದಿಲ್ಲ.

ಇದಕ್ಕಿಂತಲೂ ಸುಲಭವಾದ ದಾರಿಯೊಂದಿದೆ. ನಿಮ್ಮದೇ ಬೆಳ್ಳಿಯನ್ನು ತೂಗಿ ಆಚಾರಿಯ ಕೈಗೆ ಕೊಡಿರಿ. ಅದನ್ನೇ ಕರಗಿಸಿ ಉಂಗುರ ಮಾಡಿಕೊಡಲಿ. ನೀವು ಕೊಡುವುದು ಅವನ ಕೂಲಿ ಮಾತ್ರ. ಇಲ್ಲಿ ಬೆಳ್ಳಿಯ ಮಾರಾಟವೇ ಇಲ್ಲವಾದುದರಿಂದ ಬಡ್ಡಿಯ ಸಂಶಯವೂ ಇರುವುದಿಲ್ಲ. ಆದರೆ ಕೂಲಿ ಎಷ್ಟು, ಸವೆತಕ್ಕೆ ಎಷ್ಟು ಬಿಡಬೇಕು, ಉಳಿದ ಬೆಳ್ಳಿ ಯಾರಿಗೆ, ಯಾವ ದಿನ ಸಿದ್ಧವಾಗಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಡಿರಿ. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ ವಚನ (ಇಬ್ನು ಮಾಜ) ಆಚಾರಿಗೂ ಅನ್ವಯಿಸುತ್ತದೆ. ಅವನ ಧರ್ಮ ಯಾವುದೆಂದು ಅದು ಕೇಳುವುದಿಲ್ಲ.

ಹರಳು ಕೂರಿಸಿದ ಸಿದ್ಧ ಒಡವೆ ಕೊಳ್ಳುವಾಗ ಲೋಹದ ತೂಕ ಬೇರೆ, ಹರಳಿನ ತೂಕ ಬೇರೆ ಕೇಳಿರಿ. ಖೈಬರ್‌ನಲ್ಲಿ ಹ. ಫುಝಾಲ ಬಿನ್ ಉಬೈದ್(ರ) ಚಿನ್ನವೂ ಮಣಿಗಳೂ ಇದ್ದ ಸರವೊಂದನ್ನು 12 ದೀನಾರ್‌ಗಳಿಗೆ ಕೊಂಡರು. ಬಿಡಿಸಿ ನೋಡಿದರೆ ಅದರ ಚಿನ್ನವೇ 12 ದೀನಾರ್‌ಗಳಿಗಿಂತ ಹೆಚ್ಚಿತ್ತು. ಬಿಡಿಸದೆ ಮಾರಕೂಡದೆಂದು ಪ್ರವಾದಿವರ್ಯರು(ಸ) ತಿಳಿಸಿದರು (ಮುಸ್ಲಿಮ್). ಹರಳನ್ನು ಬೆಳ್ಳಿಯೊಂದಿಗೆ ತೂಗಿ ಬೆಳ್ಳಿಯ ದರ ಹಾಕುವ ರೂಢಿ ಎಲ್ಲಿದ್ದರೂ ಅದು ಈ ಎಚ್ಚರಿಕೆಯ ವ್ಯಾಪ್ತಿಗೆ ಬರುತ್ತದೆ.

ಕಲ್ಲನ್ನು ಪರೀಕ್ಷಿಸಿರಿ

ಕಲ್ಲಿನ ವ್ಯಾಪಾರದಲ್ಲಿ ಮೋಸಕ್ಕೆ ಅವಕಾಶ ಹೆಚ್ಚು. ಮಾಣಿಕ್ಯವನ್ನು ಕುಲುಮೆಯಲ್ಲಿ ತಯಾರಿಸುವ ವಿಧಾನವನ್ನು ಫ್ರಾನ್ಸಿನ ವೆರ್ನೂಯಿ 1902ರಲ್ಲೇ ಪ್ರಕಟಿಸಿದರು. ನಕ್ಷತ್ರ ಮೂಡುವ ಕೃತಕ ಕಲ್ಲುಗಳೂ 1947ರಿಂದ ಮಾರುಕಟ್ಟೆಯಲ್ಲಿವೆ. ಗುಜರಾತಿನ ಖಂಭಾತ್‌ನಲ್ಲಿ ಕಂದು ಬಣ್ಣದ ಅಕೀಕನ್ನು ಬೇಯಿಸಿ ಕೆಂಪಾಗಿಸುವುದು ಬಹಳ ಹಳೆಯ ಕಸುಬು. ಹೇಳಿ ಮಾರಿದರೆ ಇದಾವುದೂ ತಪ್ಪಲ್ಲ, ಮುಚ್ಚಿಟ್ಟರೆ ವಂಚನೆ. ಮೇಲೆ ಒಣಗಿದ, ಕೆಳಗೆ ಒದ್ದೆಯಾದ ಧಾನ್ಯದ ರಾಶಿಗೆ ಕೈಹಾಕಿ ನೋಡಿದ ಪ್ರವಾದಿವರ್ಯರು(ಸ), ವಂಚಿಸುವವನು ನಮ್ಮವನಲ್ಲವೆಂದು ಸಾರಿದ್ದರು (ಮುಸ್ಲಿಮ್).

ನಕ್ಷತ್ರದ ಕಲ್ಲನ್ನು ಒಂದೇ ದೀಪದ ಕೆಳಗೆ ಹಿಡಿದು ಅತ್ತಿತ್ತ ಓಲಾಡಿಸಿರಿ. ನಿಜವಾದ ನಕ್ಷತ್ರ ಮೈಮೇಲೆ ಮೆಲ್ಲನೆ ಸರಿಯುತ್ತದೆ. ಕಾಲುಗಳು ಒಂದಿಷ್ಟು ಅಂಕುಡೊಂಕಾಗಿರುವುದೂ ಉಂಟು. ಗೆರೆ ಎಳೆದಂತೆ ತೀರ ಚೂಪಾಗಿ, ಅಚ್ಚುಕಟ್ಟಾಗಿ ಕಂಡರೆ ಸಂಶಯಪಡಿರಿ. ಆದರೆ ಕಣ್ಣಿನ ಪರೀಕ್ಷೆ ಸಾಲದು. ಹೆಚ್ಚಿನ ಬೆಲೆ ಕೊಡುವ ಮುನ್ನ ಹರಳು ಪರೀಕ್ಷಿಸುವ ಪ್ರಯೋಗಾಲಯದ ಪ್ರಮಾಣಪತ್ರ ಬೇಕೇ ಬೇಕು. ಪ್ರಮಾಣಪತ್ರವು ಕಲ್ಲಿನ ಜಾತಿಯನ್ನು ಹೇಳುತ್ತದೆ, ತೊಟ್ಟವನ ಹಣೆಬರಹವನ್ನು ಹೇಳುವುದಿಲ್ಲವೆಂಬುದನ್ನೂ ನೆನಪಿಡಿರಿ.

ಆ ಯುವಕನ ಉಂಗುರ

ಯುವಕನು ಪರೀಕ್ಷೆಯ ಮಾತೆತ್ತಿದ ಕೂಡಲೇ ಹರಳು ಮಾರುವವನು ಬೇರೆ ಗಿರಾಕಿ ಇದ್ದಾನೆಂದು ಹೇಳಿ ಹೊರಟುಹೋದನಂತೆ. ಮತ್ತೆ ಆ ಕಡೆ ಕಾಣಿಸಲಿಲ್ಲ. ತಾಯಿಯ ಬಳೆಗಳು ಕೈಯಲ್ಲೇ ಉಳಿದವು.

ಆದರೆ ನಕ್ಷತ್ರದ ಕಲ್ಲಿನ ಮೇಲಿನ ಆಸೆ ಅವನಿಗೆ ಹೋಗಲಿಲ್ಲ. ನಾನೂ ತಡೆಯಲಿಲ್ಲ. ತೋಟದ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಮೈಸೂರು ಸೀಮೆಯ ಒಂದು ಚಿಕ್ಕ ಕಲ್ಲನ್ನು, ನೇರಳೆ ಛಾಯೆಯ ಮಂಕಾದುದನ್ನೇ, ತನ್ನ ಕೈಲಾಗುವ ಬೆಲೆಗೆ ಪ್ರಮಾಣಪತ್ರದೊಂದಿಗೆ ಕೊಂಡು ತಂದ. ಊರಿನ ಆಚಾರಿ ಅಜ್ಜನ ಬೆಳ್ಳಿಯನ್ನು ಅವನ ಮುಂದೆಯೇ ತೂಗಿ, ಬಿಳಿಗಾರ ಹಾಕಿ ಕರಗಿಸಿ, ನಾಲ್ಕು ಗ್ರಾಂನ ಸರಳ ಉಂಗುರ ಮಾಡಿದ. ತೋಟದ ಕೆಲಸದಲ್ಲಿ ಗಿಡಕ್ಕೆ ಸಿಕ್ಕಿಕೊಳ್ಳದಂತೆ ಹರಳನ್ನು ತಗ್ಗಿಸಿ ಕೂರಿಸಿ, ಸುತ್ತ ಬೆಳ್ಳಿಯ ಅಂಚನ್ನು ಮಡಿಸಿದ. ಉಳಿದ ಬೆಳ್ಳಿಯನ್ನು ಕಾಗದದಲ್ಲಿ ಕಟ್ಟಿ ಹಿಂದೆ ಕೊಟ್ಟ. ಯುವಕ ಕೂಲಿಯನ್ನು ಅಲ್ಲೇ ಎಣಿಸಿದ. ಉಳಿದ ಬೆಳ್ಳಿಯನ್ನು ಅವನು ತಾಯಿಯ ಕೈಗೊಪ್ಪಿಸಿದ. ಒಂದು ಕಬ್ಬಿಣದ ಉಂಗುರವನ್ನಾದರೂ ಮಹ್ರ್ ಆಗಿ ಹುಡುಕಿ ತಾ ಎಂದು ಪ್ರವಾದಿವರ್ಯರು(ಸ) ಬಡವನೊಬ್ಬನಿಗೆ ಹೇಳಿದ ಹದೀಸನ್ನು (ಬುಖಾರಿ, ಮುಸ್ಲಿಮ್) ಅವನ ನಿಕಾಹ್‌ನ ದಿನ ನಾನು ನೆನಪಿಸಿದೆ. ವಧುವಿನ ಮಹ್ರನ್ನು ಸಾಲ ಮಾಡದೆ ಸಲ್ಲಿಸಲು ಅವನಿಗೆ ಸಾಧ್ಯವಾಗಿತ್ತು.

ಆ ವರ್ಷವೂ ಮಳೆ ಹೆಚ್ಚಾಗಿ ಕಾಯಿ ಉದುರಿತು. ಕೊಯ್ಲಿನ ಬಳಿಕ ಅವನು ಸಿಕ್ಕಾಗ ಬೆರಳಲ್ಲಿ ಉಂಗುರವಿತ್ತು, ಕಲ್ಲು ಅಂಗೈಯ ಕಡೆಗೆ ತಿರುಗಿತ್ತು. ಫಸಲಿನ ಬಗ್ಗೆ ಕೇಳಿದೆ. “ಅಲ್‌ಹಮ್ದುಲಿಲ್ಲಾಹ್ ಉಸ್ತಾದರೇ, ಅರ್ಧ ಹೋಯಿತು, ಅರ್ಧ ಸಿಕ್ಕಿತು. ಅರುವತ್ತು ಸಾವಿರದ ಕಲ್ಲು ತೊಟ್ಟಿದ್ದರೆ ಈಗ ಅದರ ಮೇಲೆ ಸಿಟ್ಟು ಬರುತ್ತಿತ್ತು. ಇದರಿಂದ ನಾನು ಏನನ್ನೂ ಕೇಳಿರಲಿಲ್ಲ” ಎಂದ.

ಪ್ರಿಯ ಓದುಗರೇ, ನಿಮ್ಮ ಬೆರಳಿನಲ್ಲಿ ಉಂಗುರವಿದ್ದರೆ ಅದನ್ನೊಮ್ಮೆ ಕಳಚಿ ಮೇಜಿನ ಮೇಲಿಡಿರಿ. ಕಳಚುವಾಗ ಮನಸ್ಸಿನಲ್ಲಿ ಅಂಜಿಕೆ ಹುಟ್ಟಿತೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಅಂಜಿಕೆಯಿಲ್ಲದಿದ್ದರೆ ಅದು ಅಲಂಕಾರ, ಮತ್ತೆ ತೊಟ್ಟುಕೊಳ್ಳಿರಿ. ಅಂಜಿಕೆಯಾದರೆ ಅದು ಬೆರಳಿನಲ್ಲಿಲ್ಲ, ಹೃದಯದಲ್ಲಿದೆ. ಮೊದಲು ಅಲ್ಲಿಂದ ಕಳಚಬೇಕು. ಭರವಸೆಯನ್ನು ತನ್ನೊಬ್ಬನ ಮೇಲೆಯೇ ಇರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.